ಗಾಂಧೀಜಿಗೆ ‘ಮುಂದುವರಿಸಿ’ ಎಂದ ಸಭೆ

ಕಾಶಿಯ ಗೋದೌಲಿಯಾದಿಂದ ಸೋನಾರ್‌ಪುರ ದಾಟಿ ಲಂಕಾಗೆ ಬಂದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರ. ಇದರ ಮೊದಲ ಕುಲಾಧಿಪತಿ ಯಾರು ಗೊತ್ತಾ? ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್!

1916ರ ಫೆಬ್ರವರಿ 6. ಸ್ಥಾಪನೋತ್ಸವದ ಸಭೆ. ಒಡವೆ ಹೇರಿಕೊಂಡ ರಾಜರು ಒಂದು ಕಡೆ, ವಿದ್ಯಾರ್ಥಿಗಳು ಇನ್ನೊಂದು ಕಡೆ. ಗಾಂಧೀಜಿ ಎದ್ದವರೇ ವಿಶ್ವನಾಥನ ಗುಡಿ ಸುತ್ತಲ ಗಲ್ಲಿಗಳ ಕೊಳಕು ಎತ್ತಿದರು. ಈ ಒಡವೆ ಕಳಚದೆ ದೇಶಕ್ಕೆ ಬಿಡುಗಡೆ ಇಲ್ಲ ಅಂದರು. ಮಾತು ಬಾಂಬು, ಕ್ರಾಂತಿಕಾರಿಗಳತ್ತ ಹೊರಳಿತು ನೋಡಿ, ಆನಿ ಬೆಸೆಂಟ್ ‘ನಿಲ್ಲಿಸಿ’ ಅಂದರು. ಸಭೆಯಿಂದ ಕೂಗು: ‘ಮುಂದುವರಿಸಿ!’ ಕೊನೆಗೆ ಭಾಷಣ ಅರ್ಧಕ್ಕೇ ನಿಂತಿತು.

ಕೊಳಕಿನ ಮಾತು ಅಲ್ಲಿಗೇ ಮುಗಿಯಲಿಲ್ಲ. 2015ರಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿತು, ಗಡುವು 2030. ಆರನೆಯದು ಶುದ್ಧ ನೀರು, ನೈರ್ಮಲ್ಯ. ಗಾಂಧೀಜಿ ಎತ್ತಿದ್ದು ಅದೇ ತಾನೆ?

ಇತ್ತ ಕಾಶಿಗೆ ‘ವಾರಾಣಸಿ’ ಎಂಬ ಹೆಸರು ಕೊಟ್ಟ ನದಿಗಳಲ್ಲಿ ಒಂದೆನ್ನುವ ಅಸ್ಸಿ, ಈಗ ಕೊಳಚೆ ಕಾಲುವೆ.

ವಿದ್ಯಾರ್ಥಿಗಳೇ ದೇಶಗಳ ಪ್ರತಿನಿಧಿಗಳಾಗುವ ಕಾಲೇಜಿನ ಅಣಕು ವಿಶ್ವಸಂಸ್ಥೆಯಲ್ಲಿ ಸೂಟು ತೊಟ್ಟು ನಾರ್ವೆ ಪರ ವಾದಿಸುವುದು ಚೆಂದವೇ. ಆದರೆ ನಮ್ಮೂರ ಚರಂಡಿ ಎಲ್ಲಿಗೆ ಹೋಗುತ್ತೆ ಅಂತ ಕೇಳದ ಚರ್ಚೆ ನನಗಂತೂ ಸಪ್ಪೆ.

ನಿಮ್ಮ ಕಾಲೇಜಿನ ಮುಂದಿನ ಚರ್ಚೆಗೆ ಯಾವ ವಿಷಯ? ಕಾಮೆಂಟ್ ಮಾಡಿ.