ರಾಗಿಯ ಕಾಳು ಮತ್ತು ಹೆಬ್ಬಾಳದ ವಿದ್ವಾಂಸರು

ನಾವು ಬಾಲ್ಯದಲ್ಲಿ ವಿದ್ಯಾಭ್ಯಾಸ ಮಾಡಿದ ಮಠದ ಉಗ್ರಾಣವನ್ನು ಕಳೆದ ವರ್ಷ ದುರಸ್ತಿಗೆಂದು ತೆರವು ಮಾಡಿದಾಗ, ಮೂಲೆಯ ವಾಡೆಯ ಹಿಂದೆ ಒಂದು ಸಣ್ಣ ಮಡಕೆ ದೊರೆಯಿತು. ಅದರ ಬಾಯನ್ನು ಸಗಣಿ ಮಣ್ಣಿನಿಂದ ಮೆತ್ತಲಾಗಿತ್ತು. ಒಡೆದು ನೋಡಿದರೆ ಒಳಗೆ ಬೂದಿ ಬೆರೆಸಿದ ರಾಗಿ! ಹುಳು ಹಿಡಿದಿರಲಿಲ್ಲ, ಮುಗ್ಗಲು ವಾಸನೆಯೂ ಇರಲಿಲ್ಲ. ಅದನ್ನು ಕಂಡೊಡನೆ ನಮಗೆ ಐವತ್ತು ವರ್ಷಗಳ ಹಿಂದಿನ ಪಾಕಶಾಲೆಯ ಹಿರಿಯರ ನೆನಪಾಯಿತು. ಬೀಸುವ ರಾಗಿಯನ್ನು ಅಳೆದು ಕೊಡುವಾಗ ಅವರು ಆ ಮಡಕೆಯ ಕಡೆ ಕೈತೋರಿ, "ಅದನ್ನ ಮುಟ್ಟಬ್ಯಾಡಿ ಮರಿ, ಅದು ರುದ್ರಜಡೆ, ಬಿತ್ತನೆಗೆ ಇಟ್ಟಿರೋದು" ಎನ್ನುತ್ತಿದ್ದರು. ಆ ಬಿತ್ತನೆ ನಡೆಯಲೇ ಇಲ್ಲ. ಅದೇ ವರ್ಷ ಮಠದ ಹೊಲಕ್ಕೆ ಹೊಸ ತಳಿಯ ರಾಗಿ ಬಂದಿತ್ತು.

ಆ ಹೊಸ ತಳಿ ಎಲ್ಲಿಂದ ಬಂತು, ಯಾರು ಮಾಡಿದರು ಎಂಬುದನ್ನು ನಾವು ಅಂದು ಕೇಳಲಿಲ್ಲ. ಉಣ್ಣುವವನು ಕೇಳುವುದಿಲ್ಲ. ಈ ಮಡಕೆಯ ನೆಪದಿಂದ ಈಗ ವಿಚಾರಿಸಲು ಹೊರಟೆವು. ವಿಚಾರಿಸಿದಂತೆಲ್ಲ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಗಿಯ ಕುರಿತು ನಡೆದಿರುವ ಸಂಶೋಧನೆ ನಮ್ಮ ಮನೆಮನೆಯ ಗಂಗಳದೊಂದಿಗೆ ಎಷ್ಟು ನಿಕಟವಾಗಿ ಬೆರೆತಿದೆ ಎಂಬುದು ತಿಳಿದು ಬೆರಗಾದೆವು. ನಮ್ಮ ಬಂಧುಗಳಲ್ಲಿ ಅನೇಕರು ವಿಜ್ಞಾನವೆಂದರೆ ಆಕಾಶಕ್ಕೆ ಹಾರುವ ರಾಕೆಟ್ಟು ಎಂದೇ ತಿಳಿದಿರುವುದರಿಂದ ಈ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಈ ಕಾರ್ಯಕ್ಕೆ ವಿಶ್ವವಿದ್ಯಾಲಯಕ್ಕಿಂತಲೂ ಹಿರಿದಾದ ವಯಸ್ಸುಂಟು. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆನಡಾ ದೇಶದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗ ಹೆಬ್ಬಾಳದ ಪ್ರಯೋಗಕ್ಷೇತ್ರದಲ್ಲಿ ರೈತರ ಹೊಲಗಳಿಂದ ಆಯ್ದ ತೆನೆಗಳನ್ನು ಒಂದೊಂದಾಗಿ ಬಿತ್ತಿ ಪರೀಕ್ಷಿಸುವ ಕೆಲಸ ನಡೆಯಿತು. ಹಾಗೆ ಆಯ್ದ ಎಚ್-22 ಎಂಬ ತಳಿ 1918ರಲ್ಲಿ ಬಿಡುಗಡೆಯಾಯಿತು. ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಹೆಬ್ಬಾಳದ ಈ ಪರಂಪರೆ ಅದರ ಪಾಲಿಗೆ ಬಂತು.

ಆದರೆ ಆಯ್ಕೆ ಮಾಡುವುದು ಬೇರೆ, ಸಂಕರ ಮಾಡುವುದು ಬೇರೆ. ಇದ್ದುದರಲ್ಲಿ ಒಳ್ಳೆಯದನ್ನು ಹೆಕ್ಕಬಹುದು. ಇಲ್ಲದ ಗುಣವನ್ನು ತರಬೇಕಾದರೆ ಎರಡು ತಳಿಗಳನ್ನು ಕೂಡಿಸಬೇಕು. ರಾಗಿಯಲ್ಲಿ ಅದು ಬಹು ಕಷ್ಟ. ಹತ್ತಿಯ ಹೂವು ದೊಡ್ಡದು, ಕೈಯಿಂದಲೇ ಕೇಸರಗಳನ್ನು ಕಿತ್ತುಹಾಕಿ ಬೇರೆ ಗಿಡದ ಪರಾಗವನ್ನು ಸವರಬಹುದು. ರಾಗಿಯ ಹೂವಾದರೋ ಕಣ್ಣಿಗೇ ಸರಿಯಾಗಿ ಕಾಣದಷ್ಟು ಚಿಕ್ಕದು. ಗಂಡು ಹೆಣ್ಣೆರಡೂ ಅದರೊಳಗೇ ಇರುವುದರಿಂದ ಅದು ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಸಾವಿರಾರು ವರ್ಷಗಳಿಂದ ಹಾಗೆಯೇ ನಡೆದಿದೆ.

ಈ ಬಾಗಿಲನ್ನು ತೆರೆದವರಲ್ಲಿ ಅಗ್ರಗಣ್ಯರು ಮೈಸೂರು ಸೀಮೆಯ ಹಾರೋಹಳ್ಳಿಯ ಲಕ್ಷ್ಮಣಯ್ಯನವರು. 1921ರಲ್ಲಿ ಜನಿಸಿದ ಅವರು ತಮ್ಮ ಜೀವಮಾನವನ್ನೆಲ್ಲ ಇದೊಂದೇ ಧಾನ್ಯಕ್ಕೆ ಧಾರೆಯೆರೆದು 'ರಾಗಿ ಲಕ್ಷ್ಮಣಯ್ಯ'ನವರೆಂದೇ ಖ್ಯಾತರಾದರು. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಬಯಲಿನ ಸಂಶೋಧನಾ ಕ್ಷೇತ್ರ, ಜನರ ಬಾಯಲ್ಲಿ ವಿ.ಸಿ. ಫಾರಂ, ಅವರ ಕಾರ್ಯಭೂಮಿ. ಅವರು ಬಳಸಿದ ಉಪಾಯ ಕೇಳಲು ಬಲು ಸರಳ. ಹಸಿರು ಬಣ್ಣದ ಒಂದು ಗಿಡ, ನೇರಳೆ ಛಾಯೆಯ ಇನ್ನೊಂದು ಗಿಡ. ಎರಡರ ತೆನೆಗಳೂ ಒಂದೇ ಹೊತ್ತಿಗೆ ಹೂಬಿಡುವಂತೆ ನೋಡಿಕೊಂಡು, ತೆನೆಗೆ ತೆನೆ ತಾಗಿಸಿ ಒಂದೇ ಚೀಲದೊಳಗೆ ಕಟ್ಟಿಬಿಡುವುದು. ಬಹುಪಾಲು ಹೂಗಳು ಎಂದಿನಂತೆ ಸ್ವಂತ ಪರಾಗದಿಂದಲೇ ಕಾಳಾಗುತ್ತವೆ. ಎಲ್ಲೋ ಕೆಲವಕ್ಕೆ ಮಾತ್ರ ನೆರೆಯ ತೆನೆಯ ಪರಾಗ ತಾಗುತ್ತದೆ. ಹಸಿರು ಗಿಡದ ಕಾಳುಗಳನ್ನೆಲ್ಲ ಒಟ್ಲು ಹಾಕಿ ಮೊಳೆತ ಪೈರನ್ನು ನೋಡುತ್ತ ಹೋದರೆ, ಹಸಿರು ಸಸಿಗಳ ನಡುವೆ ಒಂದೋ ಎರಡೋ ನೇರಳೆ ಸಸಿಗಳು ಕಾಣುತ್ತವೆ. ನೇರಳೆ ಬಣ್ಣ ಹಸಿರನ್ನು ಮೀರಿಸುವ ಗುಣವಾದ್ದರಿಂದ ಅವೇ ಸಂಕರ ಸಸಿಗಳು! ಉಳಿದುದನ್ನು ಕಿತ್ತೆಸೆಯಬೇಕು. ಸಾವಿರ ಸಸಿಗಳಲ್ಲಿ ಒಂದನ್ನು ಹುಡುಕುವ ಈ ಸಹನೆಯನ್ನು ನಾವು ಕಾಯಕವೆಂದೇ ಕರೆಯುತ್ತೇವೆ, ಬೇರೆ ಹೆಸರು ತೋಚುವುದಿಲ್ಲ.

ಅವರು ಮೊದಮೊದಲು ಹೊರತಂದ ತಳಿಗಳಿಗೆ ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ಹೆಸರುಗಳಿದ್ದವು. ತರುವಾಯ ಅವರ ದೃಷ್ಟಿ ಆಫ್ರಿಕಾದ ಕಡೆಗೆ ಹೊರಳಿತು. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳು ಎಂಬುದು ಇಂದು ವಿದ್ವಾಂಸರು ಒಪ್ಪಿರುವ ಮಾತು. (ನಮ್ಮ ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನದಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನ ರಾಗಿ ಸಿಕ್ಕಿದೆಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು, ಆ ಕಾಳುಗಳು ರಾಗಿಯವೇ ಅಲ್ಲವೇ ಎಂಬ ಬಗ್ಗೆ ಈಗ ಭಿನ್ನಾಭಿಪ್ರಾಯವಿದೆ.) ಆಫ್ರಿಕಾದ ರಾಗಿಗೆ ದಪ್ಪ ಕಡ್ಡಿ, ಮುಷ್ಟಿಯಂಥ ದೊಡ್ಡ ತೆನೆ, ರೋಗವನ್ನು ತಾಳುವ ಕಸುವು. ನಮ್ಮ ರಾಗಿಗೆ ಹೆಚ್ಚು ತೆಂಡೆ, ನಮ್ಮ ಮಳೆಗೆ ಹೊಂದಿಕೊಂಡ ಕಾಲಾವಧಿ. ಎರಡನ್ನೂ ಕೂಡಿಸಿ ಪಡೆದ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕಾ ಎರಡರ ಹೆಸರನ್ನೂ ಸೇರಿಸಿ 'ಇಂಡಾಫ್' ಎಂದು ಕರೆದರು. 1970ರ ದಶಕದಿಂದೀಚೆಗೆ ಇಂಡಾಫ್-5, ಇಂಡಾಫ್-8, ಇಂಡಾಫ್-9 ಮೊದಲಾದವು ಹಳೆಯ ಮೈಸೂರಿನ ಹೊಲಗಳನ್ನು ತುಂಬಿದವು. ನಮ್ಮ ಮಠದ ಹೊಲಕ್ಕೆ ಬಂದದ್ದೂ ಅದೇ. ಲಕ್ಷ್ಮಣಯ್ಯನವರು 1993ರಲ್ಲಿ ನಿಧನರಾದರು.

ಹೊಸ ರಾಗಿ ಬಂದ ವರ್ಷ ಮಠದ ಕಣ ತುಂಬಿದ್ದು ನಮಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಮುಂಚೆ ಬೇಸಗೆಯ ಕೊನೆಗೆ ಪಾಕಶಾಲೆಯಲ್ಲಿ ಮುದ್ದೆಯ ಗಾತ್ರ ಸಣ್ಣದಾಗುತ್ತಿತ್ತು. ಆ ವರ್ಷದಿಂದ ಆಗಲಿಲ್ಲ. ಹಸಿದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಂಶೋಧನೆ ಯಾವುದು? ಆದರೂ ಹಿರಿಯರು ಗೊಣಗಿದರು. ಹುಲ್ಲು ಗಿಡ್ಡವಾಯಿತು, ಬಣವೆ ಕುಗ್ಗಿತು, ದನಗಳಿಗೆ ಸಾಲದು ಎಂಬುದು ಒಂದು ದೂರು. ಮುದ್ದೆಯಲ್ಲಿ ಜಿಗುಟಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನ್ಯಾಯವಾದದ್ದೆಂದೂ ಎರಡನೆಯದು ನಾಲಗೆಯ ಅಭ್ಯಾಸವೆಂದೂ ಈಗಲೂ ನಮ್ಮ ಅಭಿಪ್ರಾಯ.

ಈ ಪೈರಿಗೆ ದೊಡ್ಡ ಶತ್ರು ಬೆಂಕಿರೋಗ. ಭತ್ತವನ್ನು ಕಾಡುವ ಬೂಷ್ಟಿನ ಕುಲಕ್ಕೇ ಸೇರಿದ ಬೂಷ್ಟು ಇದಕ್ಕೂ ತಗಲುತ್ತದೆ. ಎಲೆಗೆ ಬಂದರೆ ಪೈರು ಸುಧಾರಿಸಿಕೊಂಡೀತು. ತೆನೆಯ ಕುತ್ತಿಗೆಗೆ ಬಂದರೆ ಕಾಳು ಜೊಳ್ಳಾಗಿ, ಕಟಾವಿನ ಹೊತ್ತಿಗೆ ಹೊಲ ಸುಟ್ಟಂತೆ ಕಾಣುತ್ತದೆ. ಬಡ ರೈತನು ರಾಗಿಗೆ ಔಷಧಿ ಹೊಡೆಯುವನೇ? ತಳಿಯೇ ತನ್ನನ್ನು ತಾನು ಕಾಯ್ದುಕೊಳ್ಳಬೇಕು. ವಿಶ್ವವಿದ್ಯಾಲಯದವರು ಇಂಡಾಫ್ ತಳಿಗಳನ್ನು ಮತ್ತೆ ಆಫ್ರಿಕಾ ಮೂಲದ ರೋಗನಿರೋಧಕ ರಾಗಿಯೊಂದಿಗೆ ಕೂಡಿಸಿ ಜಿಪಿಯು-28 ಎಂಬ ತಳಿಯನ್ನು 1998ರಲ್ಲಿ ಹೊರತಂದರು. ಬೆಂಕಿರೋಗವನ್ನು ಚೆನ್ನಾಗಿ ತಾಳುವ ಅದು ರಾಜ್ಯದ ಉದ್ದಗಲಕ್ಕೂ ಹರಡಿತು. ಹೆಸರು ಮಾತ್ರ ಹೆಂಗಸರ ಬಾಯಲ್ಲಿ 'ಇಪ್ಪತ್ತೆಂಟು' ಎಂದಷ್ಟೇ ಉಳಿದಿದೆ.

ಇನ್ನು ಇತ್ತೀಚಿನ ಸಂಗತಿಗೆ ಬರೋಣ. 2017ರಲ್ಲಿ ಡಾ. ಶೈಲಜಾ ಹಿತ್ತಲಮನಿ ಮತ್ತು ಅವರ ಸಂಗಡಿಗರು ಈ ವಿಶ್ವವಿದ್ಯಾಲಯದ ಎಂಎಲ್-365 ಎಂಬ ಬರ ತಾಳುವ ತಳಿಯ ಸಮಗ್ರ ವಂಶವಾಹಿ ಲಿಪಿಯನ್ನು ಓದಿ ಪ್ರಕಟಿಸಿದರು. ಪ್ರತಿಯೊಂದು ಜೀವಿಯ ಕೋಶದಲ್ಲಿಯೂ ಅದರ ಸ್ವಭಾವವನ್ನೆಲ್ಲ ಬರೆದಿಟ್ಟಂತಿರುವ ಒಂದು ಉದ್ದವಾದ ರಾಸಾಯನಿಕ ಬರಹವಿದೆ. ಅದಕ್ಕೆ ನಾಲ್ಕೇ ಅಕ್ಷರಗಳು. ತಾಳೆಗರಿಯ ಕಟ್ಟುಗಳನ್ನು ಓದಿ ಅಭ್ಯಾಸವಿರುವ ನಮಗೆ ಇದು ಸುಲಭವಾಗಿ ಅರ್ಥವಾಯಿತು. ಗರಿಗಳು ಚೂರುಚೂರಾಗಿ ಹರಿದು, ಕ್ರಮ ತಪ್ಪಿ, ಅರ್ಧಕ್ಕರ್ಧ ಪುನರುಕ್ತಿಯಿಂದ ತುಂಬಿದ ಕಟ್ಟೊಂದನ್ನು ಜೋಡಿಸಿದಂತೆ ಈ ಕೆಲಸ. ಅವರು ಸುಮಾರು 120 ಕೋಟಿ ಅಕ್ಷರಗಳನ್ನು ಜೋಡಿಸಿದರು. ರಾಗಿಯ ಒಟ್ಟು ಬರಹದಲ್ಲಿ ಅದು ನೂರಕ್ಕೆ 82 ಪಾಲು ಎಂದು ಅಂದಾಜು. ಅದರಲ್ಲಿ 85,243 ವಂಶವಾಹಿಗಳನ್ನು ಗುರುತಿಸಿದರು. ಬರವನ್ನು ತಾಳುವುದಕ್ಕೆ ಸಂಬಂಧಪಟ್ಟವು ಅವುಗಳಲ್ಲಿ ಹೇರಳವಾಗಿವೆ.

ಸಂಖ್ಯೆ ಇಷ್ಟು ದೊಡ್ಡದಾಗಲು ಕಾರಣವುಂಟು. ರಾಗಿ ಎರಡು ಬೇರೆ ಬೇರೆ ಹುಲ್ಲುಗಳ ಕೂಡಿಕೆಯಿಂದ ಹುಟ್ಟಿದ್ದು. ಎರಡರ ಗ್ರಂಥಗಳನ್ನೂ ಅದು ಒಡಲಲ್ಲಿ ಹೊತ್ತಿದೆ. ಒಂದು ಹುಲ್ಲು ಇಂದಿಗೂ ನಮ್ಮ ರಾಗಿ ಹೊಲಗಳಲ್ಲಿ ಪೈರಿನಂತೆಯೇ ನಟಿಸುತ್ತ ಬೆಳೆದು ಕಳೆ ಕೀಳುವವರನ್ನು ಏಮಾರಿಸುತ್ತದೆ. ಇನ್ನೊಂದು ಮೂಲ ಯಾವುದೆಂದು ಈವರೆಗೂ ಖಚಿತವಾಗಿ ಸಿಕ್ಕಿಲ್ಲ, ಬಹುಶಃ ಅಳಿದುಹೋಗಿದೆ.

ರಾಗಿ ಬರಕ್ಕೆ ಜಗ್ಗದಿರುವುದರ ಇನ್ನೊಂದು ಗುಟ್ಟನ್ನೂ ಹೇಳಬೇಕು. ಗಿಡವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಲು ಎಲೆಯ ರಂಧ್ರಗಳನ್ನು ತೆರೆದಾಗಲೆಲ್ಲ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ರಾಗಿ, ಜೋಳ, ಕಬ್ಬುಗಳ ಎಲೆಯೊಳಗೆ ಆ ಅನಿಲವನ್ನು ಮೊದಲು ಹಿಡಿದು ಒಂದೆಡೆ ಕೂಡಿಡುವ ಏರ್ಪಾಡಿದೆ, ಭತ್ತಕ್ಕೆ ಅದಿಲ್ಲ. ಆದ್ದರಿಂದ ರಾಗಿ ಕಡಿಮೆ ಹೊತ್ತು ಬಾಯಿ ತೆರೆದು ಹೆಚ್ಚು ಉಣ್ಣುತ್ತದೆ.

ಗೃಹಿಣಿಯರು ಕೇಳುವುದು ಸುಣ್ಣದ ಅಂಶದ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ಇದ್ದುದೆಲ್ಲ ಮೈಗೆ ಹತ್ತುವುದಿಲ್ಲ. ಕಾಳಿನ ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ತಡೆಯೊಡ್ಡುತ್ತವೆ. ಮೊಳಕೆ ಕಟ್ಟಿಸಿದರೆ ಆ ತಡೆ ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರು ಎಳೆಗೂಸಿಗೆ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಸರಿ ಮಾಡುತ್ತಿದ್ದುದಕ್ಕೆ ಪ್ರಯೋಗಶಾಲೆಯ ಸಮರ್ಥನೆ ಸಿಕ್ಕಂತಾಯಿತು. ಮಧುಮೇಹಕ್ಕೆ ರಾಗಿಯೇ ಮದ್ದೆಂದು ಮನಬಂದಷ್ಟು ಉಣ್ಣುವ ಬಂಧುಗಳಿಗೆ ಮಾತ್ರ ಒಂದು ಎಚ್ಚರಿಕೆ: ರಾಗಿಯ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿ, ವಸ್ತ್ರಗಾಳಿಸಿ ಮಾಡಿದ ಮುದ್ದೆ ಸಕ್ಕರೆಯನ್ನು ಏರಿಸದೇ ಇರುವುದಿಲ್ಲ.

ನಮ್ಮ ಭಾರತದ ಸೂಚನೆಯಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪಟ್ಟಣದ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಶಾವಿಗೆ ಬಂದವು. ಸಂತೋಷವೇ. ಆದರೆ ಹಳ್ಳಿಯ ಎಷ್ಟು ಮನೆಗಳಲ್ಲಿ ರಾತ್ರಿಯ ಮುದ್ದೆ ಉಳಿದಿದೆ ಎಂದು ನಾವು ಭಕ್ತರ ಮನೆಗೆ ಹೋದಾಗಲೆಲ್ಲ ಗಮನಿಸುತ್ತೇವೆ. ಸ್ವಾಮಿಗಳು ಬಂದರೆಂದು ಅನ್ನ, ಪಾಯಸ ಮಾಡುತ್ತಾರೆ. ಮುದ್ದೆ ಕೇಳಿದರೆ ನಾಚಿಕೊಳ್ಳುತ್ತಾರೆ. ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳು ಉಂಡು ಬೆಳೆದದ್ದು ಮುದ್ದೆಯಲ್ಲವೇ?

ಮತ್ತೆ ನಮ್ಮ ಮಡಕೆಗೆ ಬರುತ್ತೇವೆ. ಅದರಲ್ಲಿನ ಒಂದು ಹಿಡಿ ಕಾಳನ್ನು ಜಿ.ಕೆ.ವಿ.ಕೆ. ಆವರಣದ ಪರಿಚಿತ ಯುವ ವಿಜ್ಞಾನಿಯೊಬ್ಬರಿಗೆ ಕೊಟ್ಟೆವು. ಅವರು ಒದ್ದೆ ಕಾಗದದ ಮೇಲೆ ನೂರು ಕಾಳುಗಳನ್ನು ಎಣಿಸಿ ಇಟ್ಟು ವಾರ ಕಾದರು. ಒಂದೂ ಮೊಳೆಯಲಿಲ್ಲ. "ಬುದ್ಧಿ, ಇದನ್ನ ಇವತ್ತೂ ಬೀಸಿ ಉಣ್ಣಬಹುದು. ಆದರೆ ಮೊಳೆಯೋ ಜೀವ ಎಂದೋ ಹೋಗಿದೆ" ಎಂದರು. ಬೀಜ ಬದುಕಬೇಕಾದರೆ ಚೆನ್ನಾಗಿ ಒಣಗಿಸಿ ತೀರ ತಂಪಿನಲ್ಲಿ ಇಡಬೇಕಂತೆ, ಇಲ್ಲವೇ ಕೆಲವು ವರ್ಷಗಳಿಗೊಮ್ಮೆ ಬಿತ್ತಿ ಹೊಸದು ಮಾಡಿಕೊಳ್ಳಬೇಕಂತೆ. ಅಲ್ಲಿಯ ತಳಿಸಂಗ್ರಹದಲ್ಲಿ ರಾಗಿಯ ಸಾವಿರಾರು ಮಾದರಿಗಳನ್ನು ಹೀಗೆಯೇ ಕಾಪಾಡುತ್ತಾರೆ. ಬೆಂಕಿರೋಗಕ್ಕೋ ಬರಕ್ಕೋ ಮುಂದೆ ಬೇಕಾಗುವ ಗುಣ ಅವುಗಳಲ್ಲಿ ಯಾವುದರಲ್ಲಿದೆಯೋ ಯಾರು ಬಲ್ಲರು? ನಮ್ಮ ಊರಿನ ರುದ್ರಜಡೆ ಅಲ್ಲಿದೆಯೇ ಎಂದು ಕೇಳಿದೆವು. ಆ ಹೆಸರಿನ ರಾಗಿ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯಾಗಿರುತ್ತದೆ, ಹೆಸರಿನಿಂದ ಹೇಳಲಾಗದು ಎಂದರು. ಮಠದವರು ಆ ವರ್ಷ ನಾಲ್ಕು ಸಾಲು ಹಳೆಯದನ್ನೂ ಬಿತ್ತಿದ್ದರೆ! ಮಠದವರು ಎಂದೆವು, ಅಂದು ಅಲ್ಲಿ ನಾವೂ ಇದ್ದೆವು.

ಈ ಆಷಾಢದಲ್ಲಿ ನೆರೆಯ ಹಳ್ಳಿಯ ಮುದುಕಮ್ಮ ಒಬ್ಬರು ತಮ್ಮ ಅಕ್ಕಡಿ ಹೊಲದ ಬದುವಿನಲ್ಲಿ ಬಿಡದೆ ಬೆಳೆಸಿಕೊಂಡು ಬಂದಿದ್ದ ಎರಡು ಸೇರು ರಾಗಿಯನ್ನು ತಂದುಕೊಟ್ಟು, "ಇದೇ ಇರಬೇಕು ಬುದ್ಧಿ, ನಮ್ಮತ್ತೆ ಜಡೆರಾಗಿ ಅನ್ನೋರು" ಎಂದರು. ಅರ್ಧವನ್ನು ಆ ಯುವ ವಿಜ್ಞಾನಿಗೆ ಕಳುಹಿಸಿದ್ದೇವೆ. ಉಳಿದರ್ಧವನ್ನು ಮಠದ ಬಾವಿಯ ಪಕ್ಕದ ಒಂದು ಪಟ್ಟಿಯಲ್ಲಿ, ಇಪ್ಪತ್ತೆಂಟರ ಮಗ್ಗುಲಲ್ಲಿಯೇ ಬಿತ್ತಿಸಿದ್ದೇವೆ. ಪೈರು ಮೊಣಕಾಲುದ್ದ ಬಂದಿದೆ. ತೆನೆ ಹೊರಡಲು ಇನ್ನೂ ಮೂರು ವಾರಗಳಿವೆ.