ಅರವತ್ತು ಮೆಟ್ಟಿಲು, ದಿನಕ್ಕೆ ಮೂರು ಸಲ

ಕಳೆದ ವರ್ಷ ಯುಗಾದಿ ಕಾರ್ಯಕ್ರಮದ ದಿನ ಹಾರ್ಮೋನಿಯಂ ಪೆಟ್ಟಿಗೆಯನ್ನು ಎರಡನೇ ಮಹಡಿಗೆ ಹೊತ್ತವನು ನಾನೇ. ಮೇಲೆ ತಲುಪಿದಾಗ ಮಾತಾಡಲು ಉಸಿರಿರಲಿಲ್ಲ. ಜೊತೆಗಿದ್ದ ಹುಡುಗ "ಅಂಕಲ್, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದ. ನನಗಾಗ 47. ನಮ್ಮ ತಂದೆ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 53. ಆ ಲೆಕ್ಕವನ್ನು ಕುರ್ಚಿಯಲ್ಲಿ ಕೂತೇ ಹಾಕಿದೆ.

ಮರುವಾರದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಯಲ್ಲಿತ್ತು. ನಮ್ಮಂಥ ದಕ್ಷಿಣ ಏಷ್ಯಾ ಮೂಲದವರಿಗೆ ಮಧುಮೇಹ, ಹೃದ್ರೋಗ ಬೇಗ ಬರುತ್ತವೆ, ತೆಳ್ಳಗಿದ್ದೇವೆಂದು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷ ಬಿರುಸಿನ ವ್ಯಾಯಾಮ ಮಾಡಿ ಎನ್ನುತ್ತದೆ. ಮಿಸ್ಸಿಸಾಗಾದಿಂದ ಟೊರಾಂಟೊಗೆ ಟ್ರೈನಿನಲ್ಲಿ ಓಡಾಟ, ಸಂಜೆ ಮಕ್ಕಳ ಕ್ಲಾಸು, ಜನವರಿಯಲ್ಲಿ ಹಿಮ ಎತ್ತುವ ಕೆಲಸ. ಜಿಮ್ಮಿಗೆ ಎರಡು ವರ್ಷ ದುಡ್ಡು ಕಟ್ಟಿ ನಾಲ್ಕು ಸಲ ಹೋಗಿದ್ದೆ.

ಪರಿಹಾರದ ಸುಳಿವು ಸಿಕ್ಕಿದ್ದು ಪಕ್ಕದೂರಿನಿಂದಲೇ. ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. 2016ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಯಾಮದ ಅಭ್ಯಾಸವಿಲ್ಲದ ಯುವಕರ ಎರಡು ಗುಂಪು. ಒಂದು ಗುಂಪು 45 ನಿಮಿಷ ಹದವಾಗಿ ಸೈಕಲ್ ತುಳಿಯಿತು. ಇನ್ನೊಂದು 20 ಸೆಕೆಂಡು ಜೀವ ಬಿಟ್ಟು ತುಳಿದು, ಎರಡು ನಿಮಿಷ ನಿಧಾನಿಸಿ, ಹೀಗೆ ಮೂರು ಸಲ. ಮೈ ಬೆಚ್ಚಗಾಗಿಸುವುದೂ ಸೇರಿ ಒಟ್ಟು 10 ನಿಮಿಷ. ವಾರಕ್ಕೆ ಮೂರು ದಿನದಂತೆ 12 ವಾರ ಕಳೆದಾಗ, ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಸುಮಾರು 19% ಏರಿತ್ತು. ಇನ್ಸುಲಿನ್‌ಗೆ ದೇಹ ಸ್ಪಂದಿಸುವುದೂ ಎರಡರಲ್ಲೂ ಸುಧಾರಿಸಿತ್ತು.

ಅಷ್ಟು ಕಡಿಮೆ ಹೊತ್ತಿಗೆ ಇದು ಹೇಗೆ ಸಾಧ್ಯ? ನಿಧಾನವಾಗಿ ನಡೆಯುವಾಗ ಸ್ನಾಯುವಿನ ಎಷ್ಟೋ ಎಳೆಗಳು ಸುಮ್ಮನೆ ಮಲಗಿರುತ್ತವೆ. ಬಿರುಸಾಗಿ ತುಳಿದರೆ ಅವೂ ಎದ್ದು ದುಡಿಯಬೇಕು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಬೇಗ ಕರಗುತ್ತದೆ. ಅದನ್ನು ತುಂಬಿಕೊಳ್ಳಲು ಆಮೇಲೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಶಕ್ತಿಯ ಕೊರತೆಯೇ ಸಂಕೇತವಾಗಿ, ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ.

'ತಬಾಟಾ' ಎಂಬ ಹೆಸರು ಕೇಳಿರುತ್ತೀರಿ. ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಕ್ರಮವದು: 20 ಸೆಕೆಂಡು ದುಡಿತ, 10 ಸೆಕೆಂಡು ವಿಶ್ರಾಂತಿ, ಏಳೆಂಟು ಸುತ್ತು. ಕೊನೆಯ ಸುತ್ತಿಗೆ ಕ್ರೀಡಾಪಟುಗಳೂ ಸುಸ್ತಾಗಿ ಬೀಳುವಂಥದ್ದು. ಅದೇ ಹೆಸರಿನಲ್ಲಿ ಹಾಡು ಹಾಕಿಕೊಂಡು ನಗುನಗುತ್ತಾ ಮಾಡುವುದೂ ವ್ಯಾಯಾಮವೇ, ಆದರೆ ಇದಲ್ಲ. ಹೊತ್ತು ಉಳಿಸಿದ್ದಕ್ಕೆ ಬೆಲೆ ಬೆವರಿನಲ್ಲಿ ಕೊಡಬೇಕು.

ನಾನು ಆರಿಸಿಕೊಂಡದ್ದು ಸೈಕಲ್ಲನ್ನಲ್ಲ, ಮೆಟ್ಟಿಲನ್ನು. 2019ರಲ್ಲಿ ಪ್ರಕಟವಾದ, ಮ್ಯಾಕ್‌ಮಾಸ್ಟರ್‌ನವರೇ ಪಾಲ್ಗೊಂಡ ಇನ್ನೊಂದು ಅಧ್ಯಯನದಲ್ಲಿ 60 ಮೆಟ್ಟಿಲುಗಳನ್ನು ರಭಸವಾಗಿ ಹತ್ತುವುದು, ದಿನಕ್ಕೆ ಮೂರು ಸಲ, ನಡುವೆ ಕೆಲವು ಗಂಟೆ ಬಿಡುವು. ವಾರಕ್ಕೆ ಮೂರು ದಿನ, ಆರು ವಾರ. ಲಾಭ ಸಣ್ಣದು, ಆದರೆ ಕಂಡಿತ್ತು. ಆಫೀಸಿನಲ್ಲಿ ಮೆಟ್ಟಿಲಿಗೆ ಬರವಿಲ್ಲ, ಬಟ್ಟೆ ಬದಲಿಸಬೇಕಾಗಿಲ್ಲ.

ತಂದೆಯ ವಿಷಯ ತಿಳಿದ ಡಾಕ್ಟರು ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು. ಮನೆಯಲ್ಲಿ ಹೃದ್ರೋಗವಿದ್ದವರು, ಬಿಪಿ ಮಾತ್ರೆ ನುಂಗುವವರು, ನಡೆದಾಗ ಎದೆ ಹಿಡಿಯುವವರು ಇದನ್ನು ತಪ್ಪಿಸಲೇಬಾರದು. ಊರಿಂದ ಬಂದ ಅಪ್ಪ-ಅಮ್ಮಂದಿರಿಗೆ ಈ ಲೇಖನ ತೋರಿಸಿ ಓಡಿಸಬೇಡಿ. ಅವರ ಬೆಳಗಿನ ವಾಕಿಂಗೇ ಅವರಿಗೆ ಸಾಕು.

ಮೊದಲ ಎರಡು ವಾರ ತೊಡೆ ನೋವು, ಕಿವಿಯಲ್ಲಿ ಎದೆಬಡಿತ. ಎಂಟು ತಿಂಗಳಿಗೆ ಸಕ್ಕರೆ ಗಡಿಯಿಂದ ಸ್ವಲ್ಪ ಈಚೆ ಬಂದಿದೆ. ರಾತ್ರಿಯ ಅನ್ನ ಕಡಿಮೆ ಮಾಡಿದ್ದಕ್ಕೂ ಅದರಲ್ಲಿ ಪಾಲಿದೆ ಎಂದು ನನ್ನ ಹೆಂಡತಿಯ ವಾದ, ಒಪ್ಪಿದ್ದೇನೆ. ತೂಕ ಇಳಿದದ್ದು ಒಂದೇ ಕೆಜಿ. ಹೊಟ್ಟೆ ಕರಗಿಸಲು ಇದನ್ನು ನಂಬಿದವರಿಗೆ ನಿರಾಸೆಯಾದೀತು.

ಕೊನೆಗೊಂದು ಮಾತು ಮೊಣಕಾಲಿನ ಪರವಾಗಿ: ಹತ್ತುವ ಮುಂಚೆ ಎರಡು ನಿಮಿಷ ನಡೆದಾಡಿ, ಕೈಗಂಬಿಯ ಪಕ್ಕದಲ್ಲೇ ಇರಿ. ಇಳಿಯುವಾಗ ನಾನು ಲಿಫ್ಟ್ ಹಿಡಿಯುತ್ತೇನೆ.