ಅರ್ಬುದಚಿಕಿತ್ಸೆಯೂ ರಕ್ತದ ಹೆಪ್ಪೂ

ಕ್ಯಾನ್ಸರೆಂದು ರೂಢಿಯಲ್ಲಿರುವ ಅರ್ಬುದರೋಗದಲ್ಲಿ ನೆತ್ತರು ನಾಳದೊಳಗೇ ಹೆಪ್ಪುಗಟ್ಟುವ ವಿಕಾರವು ವಿಶೇಷವಾಗಿ ತಲೆದೋರುವುದೆಂದು ಪ್ಯಾರಿಸಿನ ವೈದ್ಯ ಆರ್ಮಾಂಡ್ ಟ್ರೂಸೊ 1865ರಲ್ಲಿಯೇ ನಿರೂಪಿಸಿದನು. ಅನಂತರ ಅದೇ ಚಿಹ್ನೆಯನ್ನು ತನ್ನ ದೇಹದಲ್ಲಿಯೇ ಕಂಡ ಆತನು 1867ರಲ್ಲಿ ಜಠರದ ಅರ್ಬುದದಿಂದ ಮೃತನಾದನು.

ಇದಕ್ಕೆ ಕಾರಣಗಳು ಮೂರು. ಅರ್ಬುದಕಣಗಳು ನೆತ್ತರನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಹೊರಸೂಸುವುವು. ಸಿಸ್‌ಪ್ಲಾಟಿನ್ ಮೊದಲಾದ ಔಷಧಗಳೂ ನಾಳದಲ್ಲಿರಿಸುವ ನಳಿಕೆಗಳೂ ಅದರ ಒಳಪೊರೆಯನ್ನು ಕೆಡಿಸುವುವು. ಶಸ್ತ್ರಕ್ರಿಯೆಯ ತರುವಾಯದ ಶಯನವೂ ದೀರ್ಘಪ್ರಯಾಣವೂ ನೆತ್ತರ ಹರಿವನ್ನು ಮಂದಗೊಳಿಸುವುವು.

ಈ ಮೂರನೆಯ ಕಾರಣವು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳವರಿಗೆ ವಿಶೇಷವಾಗಿ ವಿಚಾರಾರ್ಹವಾದುದು. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಚಿಕಿತ್ಸೆಗಾಗಿ ಹೋಗಿಬರುವವರು ಗಂಟೆಗಟ್ಟಲೆ ಬಸ್ಸಿನಲ್ಲಿ ಕಾಲಾಡಿಸದೆ ಕುಳಿತಿರಬೇಕಾಗುವುದು. ಒಂದೇ ಕಾಲು ಬಾತು ನೋಯುವುದನ್ನು ದಾರಿಯ ಆಯಾಸವೆಂದೆಣಿಸಿ, ಮುಂದಿನ ಸರದಿಯಲ್ಲಿ ಹೇಳಿದರಾಯಿತೆಂದು ಸುಮ್ಮನಿರುವುದು ಸಹಜ. ಅಪಾಯವಿರುವುದು ಅಲ್ಲಿಯೇ. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಹಠಾತ್ತಾಗಿ ಏದುಸಿರೂ ಎದೆನೋವೂ ಉಂಟಾಗಿ ಪ್ರಾಣವೇ ಹೋಗಬಹುದು.

ಹೆಪರಿನ್ ಮೊದಲಾದ ಔಷಧಗಳು ಹೆಪ್ಪು ಬೆಳೆಯದಂತೆ ತಡೆಯುವುವು. ಆದರೆ ಅವುಗಳಿಂದ ರಕ್ತಸ್ರಾವದ ಭಯವಿರುವುದರಿಂದ ವೈದ್ಯರ ನಿರ್ಣಯವಿಲ್ಲದೆ ಸೇವಿಸತಕ್ಕವಲ್ಲ. ಆದುದರಿಂದ ಬಾವು ಕಂಡ ದಿನವೇ ರೋಗಿಯು ಸಮೀಪದ ಆಸ್ಪತ್ರೆಗೆ ಹೋಗಿ, ತಾನು ಅರ್ಬುದಚಿಕಿತ್ಸೆಯಲ್ಲಿರುವುದನ್ನು ಮೊದಲು ತಿಳಿಸಿ, ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.